ಬಾಲ್ ಪೈಥಾನ್ ಇಲಿ ಮುಟ್ಟದಿದ್ದರೆ ಇಲಿಯ ತಲೆ ಬಿಸಿ ಮಾಡಿ

ಫ್ರೀಜರ್‌ನ ಸತ್ತ ಇಲಿಯನ್ನು ನಿಮ್ಮ ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಸಣ್ಣ ಹೆಬ್ಬಾವು) ಮೂಸಿ ನೋಡಿ ಸುಮ್ನೆ ಮುಖ ತಿರುಗಿಸಿದರೆ, ಕೊಡುವ ಮುಂಚೆ ಇಲಿಯ ತಲೆಗೆ ಅರ್ಧ ನಿಮಿಷ ಹೇರ್ ಡ್ರೈಯರ್ ಹಿಡಿಯಿರಿ. ಹಾವಿನ ಮೇಲ್ದುಟಿಯ ಉದ್ದಕ್ಕೂ ಸಣ್ಣ ಗುಳಿಗಳಿವೆ ಅಲ್ವಾ, ಅವು ಶಾಖ ಗುರುತಿಸುತ್ತವೆ. ತಲೆ ಬೆಚ್ಚಗಿದ್ದರೆ ಅಲ್ಲಿಗೇ ಗುರಿಯಿಟ್ಟು ಹಿಡಿಯುತ್ತದೆ. ಆದರೆ ಇಲಿ ಅದಕ್ಕೂ ಮೊದಲೇ ಒಳಗಿನವರೆಗೆ ಕರಗಿರಬೇಕು. ರಾತ್ರಿಯಿಡೀ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನೊಳಗೆ (ಮನೆಯವರಿಗೆ ಮೊದಲೇ ಹೇಳಿಡಿ!), ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿ. ಮೈಕ್ರೋವೇವ್ ಬೇಡವೇ ಬೇಡ, ಇಲಿಯ ಹೊಟ್ಟೆ ಒಡೆಯುತ್ತದೆ. ಹಾವಿನ ಕಣ್ಣು ಹಾಲಿನಂತೆ ಮಸುಕಾಗಿ ಪೊರೆ ಬಿಡುವ ಸಮಯದಲ್ಲಿ ಈ ಉಪಾಯ ನಡೆಯುವುದಿಲ್ಲ, ಆಗ ಬಿಟ್ಟುಬಿಡಿ. ಹಾವಿರುವ ಟ್ಯಾಂಕೇ ತಣ್ಣಗಿದ್ದರೂ ನಡೆಯುವುದಿಲ್ಲ. ಧಾರವಾಡದ ಡಿಸೆಂಬರ್ ಚಳಿಗೆ, ಅದರಲ್ಲೂ ರಾತ್ರಿ ಕರೆಂಟ್ ಹೋದರೆ, ಗಾಜಿನ ಟ್ಯಾಂಕ್ ಬೇಗ ಆರುತ್ತದೆ. ಬಿಸಿ ಬದಿಯ ನೆಲ 31–32 ಡಿಗ್ರಿ ಇರಬೇಕು. ಗಾಜಿಗೆ ಅಂಟಿಸಿದ ಥರ್ಮಾಮೀಟರ್ ನಂಬಬೇಡಿ, ವೈರ್ ಇರುವ ಪ್ರೋಬನ್ನು (ಶಾಖ ಅಳೆಯುವ ತುದಿ) ಹಾವು ಮಲಗುವ ಜಾಗದಲ್ಲೇ ಇಟ್ಟು ನೋಡಿ. ಮೈ ತಣ್ಣಗಿದ್ದರೆ ಹಾವು ತಿಂದದ್ದನ್ನೂ ಅರಗಿಸಿಕೊಳ್ಳಲಾಗದೆ ಕಕ್ಕಬಹುದು. ಇನ್ನು ಮನೆಯಲ್ಲಿ ಸಾಕುವ ಮತ್ತೊಂದು ಹಾವಾದ ಕಾರ್ನ್ ಸ್ನೇಕ್‌ಗೆ ಈ ಗುಳಿಗಳೇ ಇಲ್ಲ, ಅದು ಹೆಚ್ಚಾಗಿ ವಾಸನೆ ಹಿಡಿದು ಹೋಗುತ್ತದೆ. ಅದಕ್ಕೆ ಡ್ರೈಯರ್‌ನಿಂದ ಜಾಸ್ತಿ ಉಪಯೋಗವಿಲ್ಲ.