ಕೂಲಿಂಗ್ ಗ್ಲಾಸ್ ಕೊಳ್ಳಲು ಹೆಡ್‌ಸೆಟ್ ಹಿಡಿದು ಹೋಗಿ

ವಿಮಾನ ಹಾರಿಸುವುದನ್ನು ಕಲಿಯಲು ಸೇರಿದ ಹುಡುಗರು, ಹುಡುಗಿಯರು ಮೊದಲ ವಾರವೇ ಕೂಲಿಂಗ್ ಗ್ಲಾಸ್ ಕೊಳ್ಳುತ್ತಾರೆ. ಸೆಸ್ನಾ ವಿಮಾನದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಎರಡನೇ ವಾರ ‘ಸರ್, ಯಾಕೋ ತಲೆ ಸಿಡೀತಿದೆ’ ಅಂತ ಬರುತ್ತಾರೆ. ಬಲಗಡೆ ಸೀಟಿನಲ್ಲಿ ಕೂತು ಕಲಿಸುವ ನಾನು ಕಾರಣ ಕೇಳುವುದೇ ಇಲ್ಲ. ಹೆಡ್‌ಸೆಟ್ ಅಡಿಯಿಂದ ಗ್ಲಾಸಿನ ಬೆರಳುದಪ್ಪದ ಪ್ಲಾಸ್ಟಿಕ್ ಕಡ್ಡಿ ಹಣಕುತ್ತಿರುತ್ತದೆ.

ಗ್ಲಾಸ್ ಬೇಕೇ ಬೇಕು. ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನ ರನ್‌ವೇ ಹೆಚ್ಚುಕಮ್ಮಿ ಪೂರ್ವ–ಪಶ್ಚಿಮಕ್ಕಿದೆ. ಸಂಜೆ ಪಶ್ಚಿಮಕ್ಕೆ ಮುಖ ಮಾಡಿ ಇಳಿಯುವಾಗ ಸೂರ್ಯ ಸೀದಾ ಕಣ್ಣೊಳಗೇ ಬರುತ್ತಾನೆ. ಮೇಲೇರಿದಂತೆ ಪ್ರತಿ 1,000 ಅಡಿಗೆ ಯುವಿ ಕಿರಣ ಸುಮಾರು ಶೇ 5ರಷ್ಟು ಜಾಸ್ತಿಯಾಗುತ್ತದೆ. ಬೆಂಗಳೂರಿನವರು ನೆಲದ ಮೇಲೆ ನಿಂತಾಗಲೇ 3,000 ಅಡಿ ಮೇಲಿದ್ದೇವೆ, ಅಲ್ವಾ?

ಮೊದಲು: ‘ಪೋಲರೈಸ್ಡ್’ ಬೇಡ

ಅಂಗಡಿಯವರು ಮೊದಲು ತೋರಿಸುವುದೇ ಪ್ರತಿಫಲನದ ಹೊಳಪನ್ನು ತಡೆಯುವ ಈ ಗ್ಲಾಸನ್ನು. ಬೈಕ್ ಓಡಿಸುವವರಿಗೆ ಚೆನ್ನ. ಕಾಕ್‌ಪಿಟ್‌ನಲ್ಲಿ ಕೆಲಸಕ್ಕೆ ಬಾರದು. ತಲೆ ಸ್ವಲ್ಪ ವಾಲಿಸಿದರೆ ಜಿಪಿಎಸ್ ಪರದೆ ಮಂಕಾಗಬಹುದು, ಪೂರ್ತಿ ಕಪ್ಪಾದರೂ ಆದೀತು. ಮುಂದಿನ ಪ್ಲಾಸ್ಟಿಕ್ ಗಾಜಿನಲ್ಲಿ ಬಣ್ಣಬಣ್ಣದ ಪಟ್ಟೆ ಕಾಣುತ್ತದೆ. ದೂರದ ಇನ್ನೊಂದು ವಿಮಾನ ಎಷ್ಟೋ ಸಲ ನಮಗೆ ಗೊತ್ತಾಗುವುದು ಅದರ ರೆಕ್ಕೆ ಫಳಕ್ಕನೆ ಹೊಳೆದಾಗ. ಆ ಹೊಳಪನ್ನೇ ಈ ಗ್ಲಾಸ್ ನುಂಗಿಬಿಡುತ್ತದೆ.

ಪೋಲರೈಸ್ಡ್ ಹೌದೋ ಅಲ್ಲವೋ ಅಂತ ಅಂಗಡಿಯವರನ್ನು ಕೇಳಬೇಡಿ. ಕೌಂಟರ್ ಮೇಲಿರುವ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಗ್ಲಾಸ್ ಮೂಲಕ ಅದರ ಅಂಕಿಗಳನ್ನು ನೋಡುತ್ತಾ ಗ್ಲಾಸನ್ನು ನಿಧಾನವಾಗಿ ತಿರುಗಿಸಿ. ಪರದೆ ಒಂದು ಕೋನದಲ್ಲಿ ಕಪ್ಪಾದರೆ ವಾಪಸ್ ಕೊಡಿ.

ಬಣ್ಣ: ಬೂದು

ಕಂದು, ಬೂದುಹಸಿರೂ ನಡೆಯುತ್ತದೆ ಅನ್ನುತ್ತಾರೆ. ನಾನು ಬೂದು ಬಿಟ್ಟು ಬೇರೆ ಒಪ್ಪುವುದಿಲ್ಲ. ಬಣ್ಣಗಳನ್ನು ಇದ್ದ ಹಾಗೆ ತೋರಿಸುವುದು ಅದೇ. ‘ಪಾಪಿ’ ದೀಪ ನೋಡಿ ಇಳಿಯುವವರಿಗೆ (ಬೈಗುಳವಲ್ಲ, ಇಳಿಯುವ ಎತ್ತರ ಸರಿಯಿದೆಯಾ ಅಂತ ಕೆಂಪು–ಬಿಳಿಯಲ್ಲಿ ತೋರಿಸುವ, ರನ್‌ವೇ ಪಕ್ಕದ ನಾಲ್ಕು ದೀಪಗಳ ಹೆಸರೇ ಅದು) ಕೆಂಪು ಯಾವುದು, ಬಿಳಿ ಯಾವುದು ಅಂತ ಒಂದೇ ನೋಟಕ್ಕೆ ತಿಳಿಯಬೇಕು. ಹಳದಿ, ನೀಲಿ, ಗುಲಾಬಿ ಗ್ಲಾಸು ಮದುವೆಮನೆಗಿರಲಿ.

ಬೆಳಕಿನ ಶೇ 15ರಿಂದ 30ರಷ್ಟನ್ನು ಒಳಗೆ ಬಿಡುವ ಗ್ಲಾಸ್ ಸಾಕು. ‘ಕ್ಯಾಟಗರಿ 4’ ಅಂತ ಬರೆದಿದ್ದರೆ ಅದು ತೀರಾ ಕಪ್ಪು, ಬೇಡ. ಯುವಿ ತಡೆಯುತ್ತದೆ ಅನ್ನುವ ‘ಯುವಿ 400’ ಗುರುತು ಇರಲೇಬೇಕು. ಫುಟ್‌ಪಾತ್ ಮೇಲೆ ಸಿಗುವ ಗ್ಲಾಸಿನ ಸ್ಟಿಕ್ಕರ್ ನಂಬಬೇಡಿ. ಗ್ಲಾಸ್ ಕಪ್ಪಗಿದ್ದು ಯುವಿ ತಡೆಯದಿದ್ದರೆ ಬರಿಗಣ್ಣಿಗಿಂತ ಕಡೆ. ಕತ್ತಲೆಯೆಂದು ಕಣ್ಣಿನ ಪಾಪೆ ಅಗಲವಾಗಿ, ಕಿರಣ ಇನ್ನೂ ಹೆಚ್ಚು ಒಳಗೆ ನುಗ್ಗುತ್ತದೆ. ಒಳ್ಳೆಯ ಕನ್ನಡಕದ ಅಂಗಡಿಗಳಲ್ಲಿ ಯುವಿ ಅಳೆಯುವ ಪುಟ್ಟ ಯಂತ್ರ ಇರುತ್ತದೆ. ಕೇಳಿದರೆ ಅರ್ಧ ನಿಮಿಷದಲ್ಲಿ ನೋಡಿಕೊಡುತ್ತಾರೆ.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಗಾಜಿಗೆ ದುಡ್ಡು ಸುರಿಯಬೇಡಿ. ಅದು ಕಪ್ಪಾಗಲು ಯುವಿ ಬೇಕು. ವಿಮಾನದ ಗಾಜು ಯುವಿಯನ್ನು ಬಹುಪಾಲು ಹೊರಗೇ ತಡೆಯುತ್ತದೆ. ರನ್‌ವೇ ಪಕ್ಕ ನಡೆಯುವಾಗ ಕಪ್ಪಾಗಿದ್ದ ಗ್ಲಾಸ್, ಸೀಟಿನಲ್ಲಿ ಕೂತ ಮೇಲೆ ಬೆಳ್ಳಗಾಗಿ ಸುಮ್ನೆ ಮೂಗಿನ ಮೇಲೆ ಕೂತಿರುತ್ತದೆ.

ಕಡ್ಡಿ: ಎಲ್ಲರೂ ಎಡವುವುದು ಇಲ್ಲೇ

ಕನ್ನಡಿಯಲ್ಲಿ ಮುಖ ನೋಡಿ ಗ್ಲಾಸ್ ಆರಿಸುವುದೇ ತಪ್ಪು. ಹೆಡ್‌ಸೆಟ್‌ನ ಮೆತ್ತೆ ಕಿವಿಯ ಸುತ್ತ ಬಿಗಿಯಾಗಿ ಕೂತರೆ ಮಾತ್ರ ಎಂಜಿನ್ ಸದ್ದು ಹೊರಗುಳಿಯುತ್ತದೆ. ದಪ್ಪ ಕಡ್ಡಿ ಆ ಮೆತ್ತೆಯನ್ನು ಎತ್ತಿ ಹಿಡಿಯುತ್ತದೆ. ಸಂದಿಯಿಂದ ಸದ್ದು ಒಳಗೆ ಬರುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಸೆಟ್ ಇದ್ದರೂ ತಪ್ಪಿದ್ದಲ್ಲ. ಒಮ್ಮೆ ಡೌನ್‌ವಿಂಡ್‌ನಲ್ಲಿ (ಇಳಿಯುವ ಮೊದಲು ರನ್‌ವೇ ಪಕ್ಕಕ್ಕೆ ಸಮಾನಾಂತರವಾಗಿ ಹಾರುವಾಗ) ಕಂಟ್ರೋಲ್ ಟವರ್ ಎರಡು ಸಲ ಕರೆದರೂ ನನ್ನ ಶಿಷ್ಯ ಆರಾಮಾಗಿ ಹೊರಗೆ ನೋಡುತ್ತಿದ್ದ. ಉತ್ತರ ನಾನೇ ಕೊಟ್ಟೆ. ಇಳಿದ ಮೇಲೆ ನೋಡಿದರೆ ಅವನ ಗ್ಲಾಸಿಗೆ ಹತ್ತು ಸಾವಿರ ಕೊಟ್ಟಿದ್ದ.

ಅದಕ್ಕೇ ಹೆಡ್‌ಸೆಟ್ ಜೊತೆಗೊಯ್ಯಿರಿ. ಅಂಗಡಿಯ ಬಾಗಿಲ ಬಳಿ ನಿಂತು, ಗ್ಲಾಸ್ ಇಲ್ಲದೆ ಬರೀ ಹೆಡ್‌ಸೆಟ್ ಹಾಕಿ ರಸ್ತೆಯ ಸದ್ದು ಕೇಳಿ. ಆಮೇಲೆ ಗ್ಲಾಸ್ ಹಾಕಿ ಮತ್ತೆ ಕೇಳಿ. ಆಟೋ ಹಾರ್ನ್ ಈಗ ಜೋರಾಗಿ ಕೇಳಿಸಿದರೆ ಆ ಫ್ರೇಮ್ ನಿಮಗಲ್ಲ. ಮೆತ್ತೆಯ ಅಂಚಿನಲ್ಲಿ ಬೆರಳಾಡಿಸಿ, ಕಡ್ಡಿ ಹೋಗುವ ಕಡೆ ಸಂದಿ ಇದೆಯಾ ನೋಡಿ. ತೆಳ್ಳನೆಯ ತಂತಿಯಂಥ ಕಡ್ಡಿಯೇ ಬೇಕು. ಕಿವಿಯ ಹಿಂದೆ ಕೊಕ್ಕೆಯಂತೆ ಬಾಗದೆ ನೇರವಾಗಿದ್ದರೆ ಇನ್ನೂ ಒಳ್ಳೆಯದು. ಹೆಡ್‌ಸೆಟ್ ತೆಗೆಯದೆಯೇ, ಒಂದೇ ಕೈಯಲ್ಲಿ ಒಳಗೆ ಜಾರಿಸಬಹುದು. ಇನ್ನೊಂದು ಕೈಗೆ ಕಂಟ್ರೋಲ್ ಇರುತ್ತದಲ್ಲ!

ಈಗ ಹಾಗೇ ಇಪ್ಪತ್ತು ನಿಮಿಷ ಕೂತಿರಿ. ನೋವು ಎರಡು ನಿಮಿಷಕ್ಕೆ ಗೊತ್ತಾಗುವುದಿಲ್ಲ. ಕಿವಿಯ ಮೇಲಿನ ಮೂಳೆಯ ಹತ್ತಿರ ಮೆಲ್ಲಗೆ ಶುರುವಾಗುತ್ತದೆ. ಎರಡು ಗಂಟೆಯ ಕ್ರಾಸ್ ಕಂಟ್ರಿಯಲ್ಲಿ, ಅಂದರೆ ದೂರದ ಊರಿನ ಹಾರಾಟದಲ್ಲಿ, ಅದೇ ತಲೆನೋವಾಗುತ್ತದೆ. ಹೆಡ್‌ಸೆಟ್ ಹಾಕಿ ಕೂತವರನ್ನು ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.

1937ರಲ್ಲಿ ಮಾರುಕಟ್ಟೆಗೆ ಬಂದ ರೇ-ಬ್ಯಾನ್ ಏವಿಯೇಟರ್‌ಗೆ ಇದ್ದದ್ದೂ ತೆಳ್ಳನೆಯ ಕಡ್ಡಿಯೇ. ನೀವು ನಕಲು ಮಾಡಬೇಕಾದ್ದು ಅದನ್ನು, ಗಾಜಿನ ಮೂಲೆಯಲ್ಲಿರುವ ಕಂಪನಿಯ ಹೆಸರನ್ನಲ್ಲ.

ಪವರ್ ಇರುವವರಿಗೆ

ಪವರ್ ಹಾಕಿಸಿದ ಬೂದು ಗ್ಲಾಸ್ ಮಾಡಿಸಿ, ಪಾಲಿಕಾರ್ಬೊನೇಟ್ ಆದರೆ ಹಗುರ. ಮಾಮೂಲಿ ಕನ್ನಡಕದ ಇನ್ನೊಂದು ಜೊತೆ ಕೈಗೆಟಕುವಂತೆ ಇರಲೇಬೇಕು, ಅದು ನಿಯಮ. ಮೋಡ ಕವಿದರೆ ಗ್ಲಾಸ್ ತೆಗೆದುಬಿಡಿ. ಅಂಗಿಯ ತುದಿಯಲ್ಲಿ ಒರೆಸಬೇಡಿ.

ಕನ್ನಡಕದ ಮೇಲೆ ಮ್ಯಾಗ್ನೆಟ್‌ನಿಂದ ಅಂಟುವ ಕ್ಲಿಪ್-ಆನ್ ಮಾತ್ರ ವಿಮಾನದೊಳಗೆ ತರಲೇಬೇಡಿ. ಒಬ್ಬಳು ವಿದ್ಯಾರ್ಥಿನಿ ಅದನ್ನು ಕಳಚಿ ಪ್ಯಾನೆಲ್ ಮೇಲೆ, ದಿಕ್ಸೂಚಿಯ ಪಕ್ಕದಲ್ಲೇ ಇಟ್ಟಳು. ಸ್ವಲ್ಪ ಹೊತ್ತಿಗೆ ‘ಸರ್, ಕಂಪಾಸ್ ಯಾಕೋ ಸರಿಯಿಲ್ಲ’ ಅಂದಳು. ನಾನು ಕೈ ಚಾಚಿ ಕ್ಲಿಪ್-ಆನ್ ಎತ್ತಿ ಹಿಂದಿನ ಸೀಟಿಗೆ ಹಾಕಿದೆ. ಕಂಪಾಸ್ ನಿಧಾನವಾಗಿ ತಿರುಗಿ ತನ್ನ ಜಾಗಕ್ಕೆ ಬಂತು.