ತಂತಿ ಸಡಿಲಿಸದೆ ಪಿಕಪ್ ಬದಲಿಸುವ ಗಿಟಾರ್

ಎಲೆಕ್ಟ್ರಿಕ್ ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತ ಮತ್ತು ಸುರುಳಿ) ಬದಲಿಸಬೇಕೆಂದರೆ ತಂತಿ ಸಡಿಲಿಸಬೇಕು, ಪಿಕ್‌ಗಾರ್ಡ್ ಬಿಚ್ಚಬೇಕು, ಹಳೆಯ ಬೆಸುಗೆ ಕಿತ್ತು ಹೊಸದು ಹಾಕಬೇಕು, ಮತ್ತೆ ಶ್ರುತಿ ಮಾಡಬೇಕು. ಅಷ್ಟು ಹೊತ್ತಿಗೆ ಮೊದಲಿನ ನಾದ ಕಿವಿಯಿಂದ ಜಾರಿ ಹೋಗಿರುತ್ತದೆ. ಉಳಿಯುವುದು ಅದರ ಬಗ್ಗೆ ನಮಗಿದ್ದ ಅಭಿಪ್ರಾಯ ಮಾತ್ರ. ಹುಬ್ಬಳ್ಳಿಯಲ್ಲಿ ಗಿಟಾರ್ ರಿಪೇರಿ ಮಾಡುವ ನನ್ನ ಬಳಿಗೆ ಬರುವ ಹುಡುಗರದು ಒಂದೇ ಪ್ರಶ್ನೆ: "ಸರ್, ಯಾವ ಪಿಕಪ್ ಹಾಕಿಸಲಿ?" ಬಾಯಿಮಾತಿನ ಉತ್ತರಕ್ಕಿಂತ ಕೇಳಿಸಿಬಿಡುವುದೇ ಮೇಲು ಎಂದು ಈ ಗಿಟಾರ್ ಮಾಡಿದೆ.

ಕಲ್ಪನೆ ನನ್ನದಲ್ಲ. 1969ರಲ್ಲೇ ಆಂಪೆಗ್ ಕಂಪನಿಗಾಗಿ ಡಾನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಪಾರದರ್ಶಕ ಅಕ್ರಿಲಿಕ್ ಗಿಟಾರಿನಲ್ಲಿ ಪಿಕಪ್‌ಗಳನ್ನು ಜಾರಿಸಿ ಬದಲಿಸಬಹುದಿತ್ತು. ನಾನು ದೇಹವನ್ನು ಆರಪಾರ ಕೊರೆಸಿ, ಪಿಕಪ್ ಅನ್ನು ಹಿಂಬದಿಯಿಂದ ತೂರಿಸುವಂತೆ ಮಾಡಿದೆ. ಟೇಪ್ ರೆಕಾರ್ಡರಿಗೆ ಹಾಕುವ ಹಾಗೆ ಹಾಕಿ ತೆಗೆಯುವುದರಿಂದ ಪ್ರತಿ ಪಿಕಪ್ ಕೂತಿರುವ ಫಲಕವನ್ನು ಕ್ಯಾಸೆಟ್ ಎಂದೇ ಕರೆಯುತ್ತೇನೆ.

ಮರ, ಹಳೆಯ ಮನೆ ಕೆಡವಿದಾಗ ಸಿಕ್ಕ ಸಾಗವಾನಿ ತೊಲೆ. ಒಣಗಿ ಒಣಗಿ ಇನ್ನು ಬಾಗುವ ಹಠ ಬಿಟ್ಟಿತ್ತು. ಸಾಗವಾನಿಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಾಕುವ ಮುನ್ನ ಥಿನ್ನರಿನಿಂದ ಒರೆಸಲೇಬೇಕು. ಕತ್ತರಿಸಿಕೊಟ್ಟದ್ದು ನಮ್ಮ ಓಣಿಯ ಬಡಗಿ ಕಾಕಾ. ಕೊರೆಯುವ ಗುರುತು ನೋಡಿ ಅವರು, "ತಮ್ಮಾ, ಇಷ್ಟು ದೊಡ್ಡ ಕಿಂಡಿ ಮಾಡಿದರೆ ತಂತಿಯ ಎಳೆತ ತಡೆಯುತ್ತದೆಯೇ?" ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. 10-46 ಗಾತ್ರದ (ಇಂಚಿನ ಸಾವಿರದ ಭಾಗದಲ್ಲಿ, ಸಣ್ಣದರಿಂದ ದಪ್ಪದವರೆಗೆ) ಆರು ತಂತಿಗಳ ಒಟ್ಟು ಎಳೆತ ಸುಮಾರು 46 ಕಿಲೋ. ಕಿಂಡಿಯ ಎರಡೂ ಬದಿಗೆ 60 ಮಿ.ಮೀ.ಗಿಂತ ಹೆಚ್ಚು ಮರ ಉಳಿಸಿದ್ದೇನೆ, ದಪ್ಪ 45 ಮಿ.ಮೀ. ಈವರೆಗೆ ಏನೂ ಬಾಗಿಲ್ಲ. ನೆಕ್ ಸಿದ್ಧವಾಗಿ ಕೊಂಡದ್ದು, 648 ಮಿ.ಮೀ. ಸ್ಕೇಲಿನದು, ಅಂದರೆ ತಂತಿ ಕಂಪಿಸುವ ಉದ್ದ ಅಷ್ಟು.

ಕ್ಯಾಸೆಟ್ಟಿಗೆ ಅಲ್ಯೂಮಿನಿಯಂ ಹಾಕೋಣ ಎಂದು ಗೋಕುಲ ರಸ್ತೆಯ ಲೇತ್ ಕೆಲಸದವರು ಸೂಚಿಸಿದರು. ನಾನು ಒಪ್ಪಲಿಲ್ಲ. ಸುರುಳಿಯ ಹತ್ತಿರ ಲೋಹದ ಫಲಕ ಇದ್ದರೆ ಅದರಲ್ಲಿ ಹುಟ್ಟುವ ಸುಳಿ ಪ್ರವಾಹಗಳು ಮೇಲಿನ ಸ್ವರಾಂಶಗಳನ್ನು (ಮೂಲ ಸ್ವರದೊಂದಿಗೆ ಸೇರಿ ಕೇಳುವ ಏರು ಕಂಪನಗಳನ್ನು) ತಿನ್ನುತ್ತವೆ. ಆಗ ನಾನು ಕೇಳುವುದು ಪಿಕಪ್ಪನ್ನಲ್ಲ, ಫಲಕವನ್ನು. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸಿಗುವ, ವಿದ್ಯುತ್ ಹರಿಯದ ಹೈಲಮ್ ಶೀಟೇ ಸಾಕು. ಎಲ್ಲ ತುಂಡುಗಳನ್ನೂ ಒಂದರ ಮೇಲೊಂದು ಬಿಗಿದು ಒಟ್ಟಿಗೇ ತೂತು ಕೊರೆಸಿದೆ. ದೇಹದಲ್ಲಿರುವ ಎರಡು ಹಿತ್ತಾಳೆ ಗೂಟಗಳ ಮೇಲೆ ಯಾವ ಕ್ಯಾಸೆಟ್ ಕೂತರೂ ಪಿಕಪ್ ಅದೇ ಜಾಗಕ್ಕೆ ಬರುತ್ತದೆ. ಇದರಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ತಂತಿಗಳು ದೇಹದ ಮೇಲೆ ಕೂರುವ ಬ್ರಿಡ್ಜಿನಿಂದ 162 ಮಿ.ಮೀ. ದೂರದಲ್ಲಿ, ಅಂದರೆ ತಂತಿಯ ಕಾಲು ಭಾಗದಲ್ಲಿ, ಪಿಕಪ್ ಇಟ್ಟರೆ ತೆರೆದ ತಂತಿಯ ನಾಲ್ಕನೆಯ ಸ್ವರಾಂಶ ಅದಕ್ಕೆ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಬ್ರಿಡ್ಜಿನ ಹತ್ತಿರವಂತೂ ಕೆಲವೇ ಮಿ.ಮೀ. ಸರಿದರೂ ನಾದ ಬದಲಾಗುತ್ತದೆ. ಎತ್ತರವೂ ಅಷ್ಟೇ ಮುಖ್ಯ. ನೆಕ್ಕಿನ ಕೊನೆಯ ಫ್ರೆಟ್ (ಲೋಹದ ಪಟ್ಟಿ) ಬಳಿ ಒತ್ತಿ ಹಿಡಿದು, ಪಿಕಪ್ಪಿನಿಂದ ದಪ್ಪ ತಂತಿಗೆ 2.5, ಸಣ್ಣ ತಂತಿಗೆ 2 ಮಿ.ಮೀ. ಅಂತರ ಎಲ್ಲಕ್ಕೂ ಇಟ್ಟಿದ್ದೇನೆ.

ಸಂಪರ್ಕಕ್ಕೆ ಹಳೆಯ ಕಂಪ್ಯೂಟರುಗಳ ಹಿಂದೆ ಇರುತ್ತಿದ್ದ ಒಂಬತ್ತು ಪಿನ್ನಿನ ಡಿ-ಟೈಪ್ ಕನೆಕ್ಟರ್. ಎರಡು ಸುರುಳಿಯ, ಗುಂಯ್ ಸದ್ದು ತಗ್ಗಿಸುವ ಹಂಬಕರ್ ಪಿಕಪ್ಪಿನ ನಾಲ್ಕು ಎಳೆಗೆ ನಾಲ್ಕು ಪಿನ್, ಶೀಲ್ಡಿಗೆ ಒಂದು. ಬ್ರಿಡ್ಜಿನ ಅರ್ಥ್ ಎಳೆ ದೇಹದಲ್ಲೇ ಕಾಯಂ. ವಾಲ್ಯೂಮ್ ಪಾಟ್ (ತಿರುಗಿಸಿ ರೋಧ ಬದಲಿಸುವ ಗುಂಡಿ) ಒಂದೇ, 500 ಕಿಲೋ ಓಮ್. ಟೋನ್ ಪಾಟ್ ಇಲ್ಲ. ಆದರೆ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ ವಾಡಿಕೆ 250 ಕಿಲೋ ಓಮ್. ಹೀಗಾಗಿ ಅಂಥ ಕ್ಯಾಸೆಟ್ಟಿನೊಳಗೇ 470 ಕಿಲೋ ಓಮಿನ ರೆಸಿಸ್ಟರ್ ಅನ್ನು ಸಮಾಂತರವಾಗಿ ಬೆಸೆದೆ. ಎರಡೂ ಸೇರಿ ಸುಮಾರು 242 ಆಗುತ್ತದೆ. ಕೇಬಲ್ ಕೂಡ ಯಾವಾಗಲೂ ಅದೇ ಒಂದು, ಏಕೆಂದರೆ ಕೇಬಲ್ಲಿನ ಕೆಪಾಸಿಟನ್ಸ್ ಸುರುಳಿಯೊಂದಿಗೆ ಸೇರಿ ಅನುರಣನೆಯ ಶಿಖರವನ್ನು (ಪಿಕಪ್ ಅತಿ ಜೋರಾಗಿ ಸ್ಪಂದಿಸುವ ಕಂಪನಾಂಕವನ್ನು) ಕೆಳಕ್ಕೆ ಎಳೆಯುತ್ತದೆ. ವಾಲ್ಯೂಮ್ ಸೊನ್ನೆಗೆ ತಂದು ಕ್ಯಾಸೆಟ್ ಬದಲಿಸಿದರೆ ಆಂಪ್ಲಿಫೈಯರಿನಲ್ಲಿ ಸದ್ದೇ ಇರುವುದಿಲ್ಲ, ತಂತಿಯ ಶ್ರುತಿಯೂ ಕೆಡುವುದಿಲ್ಲ.

ಇಷ್ಟಾದರೂ ಒಂದು ತಕರಾರು ಉಳಿಯಿತು: ಕೈ. ಇಷ್ಟವಾದ ಪಿಕಪ್ ಇದ್ದಾಗ ಬೆರಳು ತಾನಾಗಿಯೇ ಚೆನ್ನಾಗಿ ಮೀಟುತ್ತದೆ. ಮೋಟರ್ ವೈಂಡಿಂಗ್ ಅಂಗಡಿಯವರು ಎಸೆಯುವ ಸಪೂರ ತಾಮ್ರದ ಎಳೆಯನ್ನು ತಂತಿಯ ಕೆಳಗೆ ಹಾಯಿಸಿ, ಅದು ತುಂಡಾಗುವವರೆಗೆ ಮೇಲಕ್ಕೆ ಎಳೆದೆ. ಎಳೆ ಯಾವಾಗಲೂ ಹೆಚ್ಚುಕಡಿಮೆ ಒಂದೇ ಬಲಕ್ಕೆ ತುಂಡಾಗುವುದರಿಂದ ಮೀಟೂ ಒಂದೇ ತೂಕದ್ದಾಗುತ್ತದೆ. ರೆಕಾರ್ಡ್ ಮಾಡಿ ಎಲ್ಲದರ ಮಟ್ಟ ಸಮ ಮಾಡಿದೆ. ಜೋರಾಗಿರುವುದೇ ಕಿವಿಗೆ ಒಳ್ಳೆಯದಾಗಿ ಕೇಳಿಸುತ್ತದೆ ಎಂಬುದನ್ನು ಅಂಗಡಿಯವರೆಲ್ಲ ಬಲ್ಲರು.

ಕೇಳಲು ಕೂತದ್ದು ಧಾರವಾಡದ ಸಿತಾರ್ ವಾದಕ ಗೆಳೆಯ. ಪಿಕಪ್ ಎಂದರೇನೆಂದು ಗೊತ್ತಿಲ್ಲ, ಆದರೆ ಜವಾರಿಯಲ್ಲಿ (ಸಿತಾರಿನ ಮೇರುವಿನ ಮೇಲೆ ತಂತಿ ಝೇಂಕರಿಸುವ ಬಗೆಯಲ್ಲಿ) ಕೂದಲೆಳೆಯ ವ್ಯತ್ಯಾಸ ಹಿಡಿಯುವ ಕಿವಿ. ಸಿಂಗಲ್ ಕಾಯಿಲ್ ಮತ್ತು ಹಂಬಕರನ್ನು ಪ್ರತಿ ಸಲವೂ ಬೇರ್ಪಡಿಸಿದ. ಮೊದಲನೆಯದರ 50 ಹರ್ಟ್ಸ್ ಗುಂಯ್ ಸದ್ದನ್ನು ನಾನು ಕತ್ತರಿಸಿ ತೆಗೆದ ಮೇಲೂ. ಆಲ್ನಿಕೊ 2 ಮತ್ತು ಆಲ್ನಿಕೊ 5 ಎಂಬ ಬೇರೆ ಬೇರೆ ಅಯಸ್ಕಾಂತಗಳ ಹಂಬಕರ್‌ಗಳ ನಡುವೆ ಮಾತ್ರ ತಡವರಿಸಿದ. ನನ್ನ ಹುಬ್ಬೇರಿಸಿದ್ದು ಬೇರೆ: ಒಂದೇ ಹಂಬಕರಿಗೆ ಆ 470ರ ರೆಸಿಸ್ಟರ್ ಹಾಕಿ (ಅಂದರೆ ಪಾಟ್ 250 ಇದ್ದಂತೆ ಮಾಡಿ) ತೆಗೆದಾಗ ಆತ ತಕ್ಷಣ, "ಇದು ಮಂಕು, ಅದು ತೆರೆದದ್ದು" ಎಂದ. ಅಯಸ್ಕಾಂತದ ಹೆಸರಿನಲ್ಲಿ ಜನ ಕೊಡುವ ಹಣಕ್ಕಿಂತ ಪಾಟ್ ಎಷ್ಟೋ ಅಗ್ಗ.

ಈಗ ಪಿಕಪ್ ಕೇಳಿಕೊಂಡು ಬಂದವರ ಗಿಟಾರ್ ಬಿಚ್ಚಿ ಮೊದಲು ಪಾಟಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆಯುತ್ತೇನೆ. ಹಂಬಕರಿಗೆ 250 ಹಾಕಿದ್ದರೆ ಅದನ್ನು ಬದಲಿಸಿ, ಒಂದು ವಾರ ನುಡಿಸಿ ಆಮೇಲೆ ಬನ್ನಿ ಎನ್ನುತ್ತೇನೆ. ಕೆಲವರು ಮರಳಿ ಬರುವುದೇ ಇಲ್ಲ. ವ್ಯಾಪಾರಕ್ಕೆ ಅದು ನಷ್ಟವೇ.