ಪಂದ್ಯದ ದಿನಕ್ಕೆ ಮನೆಯಲ್ಲೇ ಬಿಯರ್: ನನ್ನ ಅನುಭವ

ಹತ್ತಾರು ಜನ ಒಟ್ಟಿಗೆ ಕೂತು ಪಂದ್ಯ ನೋಡುವ ದಿನಕ್ಕೆ ಬಿಯರ್ ಮಾಡಬೇಕೆಂದರೆ ನಾನು ಮೊದಲು ತೆಗೆಯುವುದು ಕ್ಯಾಲೆಂಡರನ್ನು. ಪಂದ್ಯದ ದಿನದಿಂದ ಹಿಂದಕ್ಕೆ ಎಣಿಸುತ್ತೇನೆ: ತಣ್ಣಗಿಡಲು 3 ದಿನ, ಬಾಟಲಿಯಲ್ಲಿ ಗ್ಯಾಸ್ ಕಟ್ಟಲು 2 ವಾರ, ಹುದುಗಲು 2 ವಾರ, ಹೆಚ್ಚುಕಮ್ಮಿಯಾದರೆ ಇರಲಿ ಎಂದು ಇನ್ನೊಂದು ವಾರ. ಐದೂವರೆ ವಾರ ಮೊದಲೇ ಒಲೆ ಹಚ್ಚಬೇಕು. ಆ ಹೆಚ್ಚಿನ ವಾರವನ್ನು ಮಾತ್ರ ಯಾರೂ ಕತ್ತರಿಸಬೇಡಿ. ಬಾಟಲಿ ಸಿಡಿಯುವುದು ಹೆಚ್ಚಾಗಿ ಆ ಅವಸರದಿಂದಲೇ.

ಎರಡನೆಯದು ಮದ್ಯಸಾರದ ಪ್ರಮಾಣ. ಪಂದ್ಯ ಮೂರು ನಾಲ್ಕು ಗಂಟೆ ನಡೆದರೆ ಒಬ್ಬೊಬ್ಬರೂ ಎರಡು ಮೂರು ಗ್ಲಾಸ್ ಕುಡಿಯುತ್ತಾರೆ. ಅಂಥ ದಿನಕ್ಕೆ ಶೇ. 4ಕ್ಕಿಂತ ಗಟ್ಟಿ ಬಿಯರ್ ನಾನು ಮಾಡುವುದಿಲ್ಲ. ಶೇ. 7ರ ಬಿಯರ್ ಎಷ್ಟೇ ಚೆನ್ನಾಗಿದ್ದರೂ ಕೊನೆಯ ಹೊತ್ತಿಗೆ ಅರ್ಧ ಜನ ಆಟ ನೋಡುವ ಸ್ಥಿತಿಯಲ್ಲಿ ಇರುವುದಿಲ್ಲ. ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಒಂದೊಂದು ಕಡೆ ಒಂದೊಂದು ಕಾನೂನು ಇದೆ, ಅದನ್ನು ಮೊದಲೇ ನೋಡಿಕೊಳ್ಳಿ. ನಾನು ಮಾಡುವುದು ಹಂಚುವುದಕ್ಕಷ್ಟೇ, ಮಾರುವುದಕ್ಕಲ್ಲ.

20 ಲೀಟರಿಗೆ ನನ್ನ ಅಳತೆ: ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 3.6 ಕಿಲೋ, ಗೋಧಿ ಮಾಲ್ಟ್ 200 ಗ್ರಾಂ, ತಿಳಿ ಕ್ರಿಸ್ಟಲ್ ಮಾಲ್ಟ್ (ಸಿಹಿ ಮತ್ತು ಬಣ್ಣ ಕೊಡುವ ಮಾಲ್ಟ್) 200 ಗ್ರಾಂ. ಗೋಧಿ ಇರುವುದು ನೊರೆ ನಿಲ್ಲಲಿ ಎಂದು. ಮಾಲ್ಟನ್ನು ಹಿಟ್ಟು ಮಾಡಬಾರದು. ಕಾಳು ಎರಡು ಮೂರು ಹೋಳಾಗಿ ಸಿಪ್ಪೆ ಇಡಿಯಾಗಿ ಉಳಿದರೆ ಸರಿ, ಆ ಸಿಪ್ಪೆಯೇ ಆಮೇಲೆ ಜರಡಿಯ ಕೆಲಸ ಮಾಡುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ 20 ಲೀಟರಿಗೆ ಕಾಲು ಕ್ಯಾಂಪ್ಡನ್ ಮಾತ್ರೆ (ಕ್ಲೋರಿನ್ ತೆಗೆಯುವ ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಕಲಸುತ್ತೇನೆ. ಇದನ್ನು ಬಿಟ್ಟರೆ ಬಿಯರಿಗೆ ಆಸ್ಪತ್ರೆಯ ಬ್ಯಾಂಡೇಜಿನ ವಾಸನೆ ಬರುತ್ತದೆ, ಅದು ಮತ್ತೆ ಹೋಗುವುದಿಲ್ಲ.

12 ಲೀಟರ್ ನೀರನ್ನು 72 ಡಿಗ್ರಿಗೆ ಕಾಯಿಸಿ ಮಾಲ್ಟ್ ಸುರಿದು ಗಂಟಿಲ್ಲದಂತೆ ಕಲಕಿದರೆ 66 ಡಿಗ್ರಿಗೆ ಬಂದು ನಿಲ್ಲುತ್ತದೆ. ಹಾಗೇ ಮುಚ್ಚಿ 60 ನಿಮಿಷ. ಇಲ್ಲಿ ಒಂದೆರಡು ಡಿಗ್ರಿಯೂ ಲೆಕ್ಕಕ್ಕೆ ಬರುತ್ತದೆ. 63ರ ಸುತ್ತ ಇದ್ದರೆ ಸಕ್ಕರೆಯೆಲ್ಲ ಯೀಸ್ಟಿಗೆ ಸಿಕ್ಕಿ ಬಿಯರ್ ತೆಳ್ಳಗೆ, ಒಣಗಿದಂತೆ ಆಗುತ್ತದೆ. 69 ದಾಟಿದರೆ ಯೀಸ್ಟ್ ತಿನ್ನಲಾಗದ ಸಕ್ಕರೆ ಉಳಿದು ಬಾಯಿಗೆ ಮಂದ. ಮದ್ಯಸಾರ ಕಡಿಮೆಯಿರುವ ಬಿಯರ್ ನೀರುನೀರಾಗಬಾರದೆಂದರೆ 66-67 ಸರಿ. ಆಮೇಲೆ ರಸ ಬಸಿದು, 76 ಡಿಗ್ರಿಯ 17 ಲೀಟರ್ ನೀರನ್ನು ಮಾಲ್ಟಿನ ಮೇಲೆ ನಿಧಾನವಾಗಿ ಹಾಯಿಸಿ ತೊಳೆಯುತ್ತೇನೆ. ಒಟ್ಟು 25 ಲೀಟರ್ ಸಿಗಬೇಕು. ತೊಳೆಯುವ ನೀರು 80 ದಾಟಿದರೆ ಸಿಪ್ಪೆಯ ಒಗರು ಇಳಿಯುತ್ತದೆ.

ಕುದಿ 60 ನಿಮಿಷ, ಮುಚ್ಚಳ ತೆಗೆದಿಟ್ಟು. ಮುಚ್ಚಿದರೆ ಆವಿಯ ಜೊತೆ ಹೋಗಬೇಕಾದ ಗಂಧಕದ ಸಂಯುಕ್ತ ಅಲ್ಲೇ ಉಳಿದು ಬೇಯಿಸಿದ ಜೋಳದ ವಾಸನೆ ಕೊಡುತ್ತದೆ. ಕುದಿ ಶುರುವಾದ ಮೊದಲ ಐದು ನಿಮಿಷ ಒಲೆಯ ಮುಂದಿನಿಂದ ಕದಲಬೇಡಿ, ನೊರೆ ಒಮ್ಮೆಲೇ ಏರಿ ಉಕ್ಕುತ್ತದೆ. ಕಹಿ ಕೊಡುವ ಆಲ್ಫಾ ಆಮ್ಲ ಶೇ. 10 ಇರುವ ಹಾಪ್ಸ್ (ಒಂದು ಬಳ್ಳಿಯ ಒಣ ಹೂ) 20 ಗ್ರಾಂ ಆಗಲೇ ಹಾಕುತ್ತೇನೆ, ಕಹಿ ಬರುವುದು ಅದರಿಂದ. ಕುದಿ ಮುಗಿಯಲು ಐದು ನಿಮಿಷ ಇರುವಾಗ ಘಮಕ್ಕೆಂದು ಇನ್ನೂ 30 ಗ್ರಾಂ. ಕಹಿ ಸುಮಾರು 25 ಐಬಿಯು (ಬಿಯರಿನ ಕಹಿಯ ಅಳತೆ) ಬರುತ್ತದೆ. ಬಿಯರ್ ರೂಢಿಯಿಲ್ಲದವರೂ ಇದನ್ನು ಸಲೀಸಾಗಿ ಕುಡಿಯುತ್ತಾರೆ.

ಕುದಿ ಆರಿದ ಮೇಲೆ ರಸಕ್ಕೆ ತಾಗುವ ಪ್ರತಿಯೊಂದೂ ಸೋಂಕು ಕಳೆದದ್ದಾಗಿರಬೇಕು. ನಾನು ಬಳಸುವುದು ಸ್ಟಾರ್ ಸ್ಯಾನ್ ಎಂಬ ಸೋಂಕುನಿವಾರಕ, ಲೀಟರ್ ನೀರಿಗೆ 1.5 ಮಿಲಿ, ಎರಡು ನಿಮಿಷ ಒದ್ದೆಯಾಗಿದ್ದರೆ ಸಾಕು. ನೊರೆ ಉಳಿದರೂ ತೊಳೆಯುವುದಿಲ್ಲ. ಆದರೆ ಕೊಳೆಯ ಮೇಲೆ ಯಾವ ದ್ರಾವಣವೂ ಕೆಲಸ ಮಾಡದು, ಮೊದಲು ಉಜ್ಜಿ ತೊಳೆದಿರಬೇಕು. ಡಬ್ಬಿಯ ನಲ್ಲಿಯ ತಿರುಪಿನ ಒಳಗೆ, ರಬ್ಬರ್ ವಾಷರಿನ ಹಿಂದೆ ಬೆರಳಿಗೆ ಜಾರುವ ಲೋಳೆ ಸಿಕ್ಕರೆ ಹುಳಿ ಬಂದದ್ದು ಅಲ್ಲಿಂದಲೇ.

ತಾಮ್ರದ ಸುರುಳಿಯಲ್ಲಿ ತಣ್ಣೀರು ಹರಿಸಿ ಅರ್ಧ ಗಂಟೆಯೊಳಗೆ 18 ಡಿಗ್ರಿಗೆ ಇಳಿಸಿ, ಹುದುಗುವ ಡಬ್ಬಿಗೆ ಮೇಲಿನಿಂದ ಸುರಿಯುತ್ತೇನೆ. ಯೀಸ್ಟಿಗೆ ಗಾಳಿ ಬೇಕಾದದ್ದು ಇದೊಂದು ಹೊತ್ತಿನಲ್ಲಿ ಮಾತ್ರ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.040 ತೋರಿಸಬೇಕು. ಏಲ್ ಯೀಸ್ಟ್ 11 ಗ್ರಾಂ ಪೊಟ್ಟಣ ಒಂದು. ಮೊದಲ ನಾಲ್ಕು ದಿನ 18-19 ಡಿಗ್ರಿ ದಾಟಲು ಬಿಡುವುದಿಲ್ಲ. ಹುದುಗುವಾಗ ಡಬ್ಬಿಯ ಒಳಗಿನ ಶಾಖ ಕೋಣೆಗಿಂತ ಹಲವು ಡಿಗ್ರಿ ಹೆಚ್ಚಿರುತ್ತದೆ, ಥರ್ಮಾಮೀಟರನ್ನು ಗೋಡೆಗಲ್ಲ ಡಬ್ಬಿಗೆ ಅಂಟಿಸಿ. ಬಿಸಿ ಹೆಚ್ಚಾದರೆ ಬಾಳೆಹಣ್ಣಿನ ವಾಸನೆ ಬರುತ್ತದೆ. ಐದನೆಯ ದಿನ 21ಕ್ಕೆ ಏರಿಸುತ್ತೇನೆ, ಬೆಣ್ಣೆಯ ರುಚಿ ಕೊಡುವ ಡೈಅಸಿಟೈಲನ್ನು ಯೀಸ್ಟ್ ಆಗ ತಾನೇ ತಿಂದು ಮುಗಿಸುತ್ತದೆ.

ಏರ್‌ಲಾಕಿನಲ್ಲಿ (ಗ್ಯಾಸ್ ಹೊರಬಿಟ್ಟು ಗಾಳಿ ತಡೆಯುವ, ಡಬ್ಬಿಯ ಮೇಲಿನ ಕೊಳವೆ) ಗುಳ್ಳೆ ನಿಂತಿತೆಂದು ಹುದುಗು ಮುಗಿದಂತಲ್ಲ. ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದಾಗ ಒಂದೇ ಅಂಕಿ ಬರಬೇಕು, ಈ ಅಳತೆಗೆ ಸುಮಾರು 1.009. ಮೊದಲಿನ 1.040ಕ್ಕೂ ಈ 1.009ಕ್ಕೂ ಇರುವ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಶೇ. 4 ಮದ್ಯಸಾರ. 1.013ರಲ್ಲೇ ತುಂಬಿಸಿದರೆ ಉಳಿದ ಸಕ್ಕರೆಯೊಂದೇ ನಾವು ಹಾಕುವ ಸಕ್ಕರೆಗಿಂತ ಹೆಚ್ಚು ಗ್ಯಾಸ್ ಹುಟ್ಟಿಸುತ್ತದೆ. ಗಾಜು ಅದನ್ನು ತಡೆಯುವುದಿಲ್ಲ.

ತುಂಬಿಸುವ ದಿನ 120 ಗ್ರಾಂ ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ಆರಿಸಿ, ಖಾಲಿ ಡಬ್ಬಿಯ ತಳಕ್ಕೆ ಹಾಕಿ ಅದರ ಮೇಲೆ ಬಿಯರನ್ನು ಕೊಳವೆಯಿಂದ ಸದ್ದಿಲ್ಲದೆ ಇಳಿಸುತ್ತೇನೆ. ಈಗ ಗಾಳಿ ಸೇರಿದರೆ ಒದ್ದೆ ರಟ್ಟಿನ ರುಚಿ. ತೊಳೆದ ಸೌಟಿನಿಂದ ಒಂದೆರಡು ಸುತ್ತು ಮೆಲ್ಲಗೆ ತಿರುಗಿಸಬೇಕು. ಇಲ್ಲದಿದ್ದರೆ ಕೆಲವು ಬಾಟಲಿ ಸಪ್ಪೆ, ಕೆಲವು ಚಿಮ್ಮುತ್ತವೆ. ಬಾಟಲಿ ಕಂದು ಬಣ್ಣದ್ದೇ ಆಗಲಿ, ಹಸಿರು ಅಥವಾ ಬಿಳಿ ಗಾಜಿನಲ್ಲಿ ಬೆಳಕು ಹಾಪ್ಸನ್ನು ಕೆಡಿಸುತ್ತದೆ. ಬಾಯಿಯ ಕೆಳಗೆ ಎರಡು ಬೆರಳಷ್ಟು ಜಾಗ ಬಿಟ್ಟು ಮುಚ್ಚಳ ಒತ್ತುತ್ತೇನೆ. 650 ಮಿಲಿಯ ಸುಮಾರು 29 ಬಾಟಲಿ ಆಗುತ್ತದೆ. ಜೊತೆಗೆ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೂ ಇದೇ ಬಿಯರ್ ತುಂಬಿಸಿಡಿ. ದಿನಕ್ಕೊಮ್ಮೆ ಹಿಚುಕಿ ನೋಡಿದರೆ ಒಳಗಿನ ಒತ್ತಡ ಕೈಗೇ ಗೊತ್ತಾಗುತ್ತದೆ. ಕಲ್ಲಿನಂತೆ ಗಟ್ಟಿಯಾದ ಮೇಲೆ ಉಳಿದವನ್ನು ಫ್ರಿಜ್ಜಿಗೆ ಸೇರಿಸಬಹುದು.

ಹಂಚುವ ದಿನಕ್ಕೆ ಮೂರು ದಿನ ಮೊದಲೇ ಎಲ್ಲವನ್ನೂ ನಿಲ್ಲಿಸಿ ತಣ್ಣಗಿಡುತ್ತೇನೆ. ಹಾಗಿಟ್ಟರೆ ಗ್ಯಾಸ್ ಬಿಯರಿನಲ್ಲಿ ಕರಗಿ ನಿಲ್ಲುತ್ತದೆ, ಗಸಿ ತಳಕ್ಕೆ ಕಚ್ಚಿಕೊಳ್ಳುತ್ತದೆ. ಬೇರೆ ಕಡೆ ಒಯ್ಯುವುದಿದ್ದರೆ ಹಿಂದಿನ ದಿನವೇ ಒಯ್ದು ಅಲ್ಲೇ ತಣ್ಣಗಿಡಿಸಿ. ದಾರಿಯಲ್ಲಿ ಅಲುಗಾಡಿದ ಬಾಟಲಿಯನ್ನು ಆಗಲೇ ತೆರೆದರೆ ನೊರೆಯೇ ಅರ್ಧ. ಪ್ರತಿ ಬಾಟಲಿಗೂ ಚೀಟಿ ಅಂಟಿಸುತ್ತೇನೆ: ತುಂಬಿಸಿದ ದಿನಾಂಕ, ಶೇ. 4, ಬಾರ್ಲಿ ಮತ್ತು ಗೋಧಿ ಇದೆ. ಗ್ಲುಟನ್ ಒಗ್ಗದವರಿಗೆ ಆ ಕೊನೆಯ ಸಾಲು ಬೇಕೇ ಬೇಕು. ವಾಹನ ಓಡಿಸುವವರಿಗೆ ಕೊಡುವುದಿಲ್ಲ, ಅವರಿಗೆಂದು ಬೇರೆ ಪಾನೀಯ ಇಟ್ಟಿರುತ್ತೇನೆ.

ಸುರಿಯುವಾಗ ಗ್ಲಾಸನ್ನು ಓರೆಯಾಗಿ ಹಿಡಿದು, ಬಾಟಲಿಯನ್ನು ಒಂದೇ ಸಲಕ್ಕೆ ಬಗ್ಗಿಸಿ ನಡುವೆ ಎತ್ತದೆ ಸುರಿಯಿರಿ. ಎತ್ತಿ ಇಳಿಸಿದರೆ ಗಸಿ ಕದಡುತ್ತದೆ. 650 ಮಿಲಿಯಲ್ಲಿ ಎರಡು ಗ್ಲಾಸ್ ಆಗುವುದರಿಂದ ಎರಡನ್ನೂ ಪಕ್ಕದಲ್ಲೇ ಇಟ್ಟುಕೊಂಡು ಒಂದಾದ ಮೇಲೊಂದು ತುಂಬಿಸಬೇಕು. ಮಣ್ಣುಬಣ್ಣದ ಎಳೆ ಕುತ್ತಿಗೆಯ ಹತ್ತಿರ ಹರಿದು ಬರುವುದು ಕಂಡ ಕೂಡಲೇ ನಿಲ್ಲಿಸಿ. ಖಾಲಿ ಬಾಟಲಿಗೆ ಅಲ್ಲೇ ನೀರು ಹಾಕಿ ಮೂರು ಸಲ ಕುಲುಕಿ ಚೆಲ್ಲಿ ಬೋರಲು ಇಡಲು ಹೇಳುತ್ತೇನೆ. ಯೀಸ್ಟ್ ಒಂದು ಸಲ ತಳಕ್ಕೆ ಒಣಗಿ ಅಂಟಿಕೊಂಡರೆ ಬ್ರಷ್ ಹಾಕಿ ಉಜ್ಜಿದರೂ ಬಿಡುವುದಿಲ್ಲ, ಆ ಬಾಟಲಿಯನ್ನು ಮುಂದಿನ ಸಲಕ್ಕೆ ನಂಬುವಂತಿಲ್ಲ.